ಹೇಳಿಕೊಟ್ಟ ಮಾತು

ತನ್ನನ್ನು ವಿಚಾರಣೆ ಮಾಡಲು ಬಂದವರಿಗೆ ತಾನೇ ಟೀ ಮಾಡಿ ಕೊಡಬೇಕಾದ ಗತಿ ಎಷ್ಟು ಹೆಂಗಸರಿಗೆ ಬಂದಿರುತ್ತದೋ ಗೊತ್ತಿಲ್ಲ. ಆ ಮನೆಯ ಸೊಸೆಗೆ ಆ ಭಾನುವಾರ ಬೆಳಿಗ್ಗೆ ಬಂದಿತ್ತು. ನಡುಮನೆಯಲ್ಲಿ ಶಾಲೆಯ ಪೋಷಕರ ಸಂಘದವರು ಒತ್ತೊತ್ತಾಗಿ ಕುಳಿತಿದ್ದರು. ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ, ಅದರ ಮೇಲೂ ಯಾರೋ ಕೈಚೀಲ ಇಟ್ಟಿದ್ದರು. ಅಡುಗೆಮನೆಯಲ್ಲಿ ಅವಳು ಉಕ್ಕಲು ಬಂದ ಹಾಲಿನ ಮುಂದೆ ನಿಂತು ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಸಕ್ಕರೆ ಕೈ ಬಿಗಿ ಹಿಡಿದು ಹಾಕು. ಮೊನ್ನೆ ಪಾಕ ಕುಡಿದ ಹಾಗಿತ್ತು," ಎಂದರು ಅತ್ತೆ ಬಾಗಿಲಲ್ಲಿ ನಿಂತು. ಆಮೇಲೆ ದನಿ ತಗ್ಗಿಸಿದರು. "ಏನು ಹೇಳ್ಬೇಕು ಅಂತ ಜ್ಞಾಪಕ ಇದೆ ತಾನೆ? ಒಂದೇ ಮಾತು. ಹೇಳಿ ಮುಗಿಸಿಬಿಡು. ನಿನ್ನ ಗಂಟೇನೂ ಹೋಗಲ್ಲ."

ಗಂಟೇನೂ ಹೋಗಲ್ಲವಂತೆ! ತಾಯಿಯೊಬ್ಬಳು ಹತ್ತು ಜನರ ಮುಂದೆ ನಿಂತು 'ನನ್ನ ಮಗಳನ್ನು ನಾನೇ ರಸ್ತೆಯಲ್ಲಿ ಮರೆತು ಬಂದೆ' ಎಂದು ಹೇಳಬೇಕಿತ್ತು. ಅದೂ, ಮರೆಯದೇ ಇದ್ದಾಗ!

ಆ ಬೀದಿಯವರಲ್ಲಿ ಹೆಚ್ಚಿನವರು ಬೆಳಗಾದರೆ ಕೆಲಸಕ್ಕೆ ಓಡುವವರು. ಶಾಲೆ ಇದ್ದದ್ದು ದೊಡ್ಡ ರಸ್ತೆಯ ಆಚೆ. ಮನೆಯಲ್ಲೇ ಕೂತು ಬಟ್ಟೆ ಹೊಲಿಯುವ ಈ ಸೊಸೆ ಒಂದು ದಿನ ಉದ್ದನೆಯ ಹಗ್ಗಕ್ಕೆ ಸಾಲಾಗಿ ಬಟ್ಟೆಯ ಹಿಡಿಕೆಗಳನ್ನು ಹೊಲಿದಳು. ಮಗುವಿಗೊಂದು ಹಿಡಿಕೆ. ಮುಂದೆ ಹಗ್ಗದ ತುದಿ ಅವಳ ಕೈಯಲ್ಲಿ. ಹಿಡಿಕೆಗಳೆಲ್ಲ ತುಂಬಿದ ಮೇಲೆಯೇ ಸಾಲು ಹೊರಡಬೇಕು. ಯಾರ ಕೈಯಾದರೂ ತಪ್ಪಿಹೋದರೆ ಆ ಮಗು ಇದ್ದಲ್ಲೇ ನಿಲ್ಲಬೇಕು, ಹಗ್ಗವಿಲ್ಲದೆ ರಸ್ತೆ ದಾಟಲೇಬಾರದು, ತಾನು ಬಂದೇ ಬರುತ್ತೇನೆ ಎಂದು ಅವಳು ಮಕ್ಕಳಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದಳು. ಮಕ್ಕಳ ಬಾಯಲ್ಲಿ ಅವಳು 'ಹಗ್ಗದಾಂಟಿ' ಆದಳು. ಮಳೆಯಿರಲಿ, ಮೈಯಲ್ಲಿ ಜ್ವರವಿರಲಿ, ಆ ಸಾಲು ಒಂದು ದಿನವೂ ನಿಂತದ್ದಿಲ್ಲ.

ಹೊಗಳಿಕೆ ಹೋದದ್ದು ಮಾತ್ರ ಗಂಡನ ಅಕ್ಕನಿಗೆ. ಪಕ್ಕದ ಬೀದಿಯಲ್ಲಿದ್ದ ಆಕೆ ಸಂಘದ ಅಧ್ಯಕ್ಷೆ. ತಮ್ಮನ ಮನೆಯನ್ನೂ ಆಕೆ ಸಂಘದ ಹಾಗೆಯೇ ನಡೆಸುತ್ತಿದ್ದಳು. ವೇದಿಕೆ ಹತ್ತಿದರೆ "ನಮ್ಮ ಯೋಜನೆ, ನಮ್ಮ ಹಗ್ಗ" ಎನ್ನುವಳು. ಮೊದಲ ಸಾಲಿನಲ್ಲಿ ಕೂತ ಅತ್ತೆ ಮಗಳನ್ನು ನೋಡಿ ಹಿರಿಹಿರಿ ಹಿಗ್ಗುವರು. ಹಗ್ಗ ಹೊಲಿದವಳು ಹಿಂದೆ ನಿಂತು ಕುರ್ಚಿ ಎತ್ತಿಡುವಳು. ಹೋಗಲಿ, ಅದನ್ನೂ ನುಂಗಿಕೊಳ್ಳಬಹುದು. ಬುಧವಾರ ನಡೆದದ್ದನ್ನು ನುಂಗುವುದು ಹೇಗೆ?

ಅಂದು ಬೇರೊಂದು ಶಾಲೆಯವರು ಈ ಸಾಲನ್ನು ನೋಡಲು ಬಂದಿದ್ದರು. ಶಾಲೆ ಬಿಡುವ ಹೊತ್ತಿಗೆ ಅಧ್ಯಕ್ಷೆ ಹೊಸ ಬಟ್ಟೆ ತೊಟ್ಟು ಗೇಟಿನ ಬಳಿ ಬಂದು, "ಇವತ್ತು ಮುಂದೆ ನಾನಿರ್ತೀನಿ. ನೀನು ಮನೆಗೆ ಹೋಗಿ ಬಂದವರಿಗೆ ಟೀ ರೆಡಿ ಮಾಡು," ಎಂದು ಸೊಸೆಯ ಕೈಯಿಂದ ಹಗ್ಗ ಕಿತ್ತುಕೊಂಡಳು. ಬಂದವರ ಜೊತೆ ಒಂದು ಪುಟ್ಟ ಮಗುವಿತ್ತು. ಅದೂ ಸಾಲಿನಲ್ಲಿ ನಡೆಯಬೇಕೆಂದು ಹಟ ಹಿಡಿಯಿತು. ಹಿಡಿಕೆ ಒಂದೂ ಖಾಲಿಯಿರಲಿಲ್ಲ. ಅಧ್ಯಕ್ಷೆ ತಮ್ಮನ ಮಗಳು ಪುಟ್ಟಿಯ ಕೈಯನ್ನು ಹಿಡಿಕೆಯಿಂದ ಬಿಡಿಸಿ, "ನೀನು ನಮ್ಮನೆ ಮಗು ಅಲ್ವಾ? ಹಿಂದೆ ಬಾ," ಎಂದಳು. ದೊಡ್ಡ ರಸ್ತೆಯ ಅಂಚಿನಲ್ಲಿ ಪುಟ್ಟಿಯ ಚೀಲದ ಪಟ್ಟಿ ಕಳಚಿತು. ಅವಳು ಅದನ್ನು ಸಿಕ್ಕಿಸಿಕೊಂಡು ತಲೆಯೆತ್ತುವಷ್ಟರಲ್ಲಿ ಸಾಲು ದಾಟಿಹೋಗಿತ್ತು, ನಡುವೆ ಲಾರಿ ಬಸ್ಸುಗಳು ನುಗ್ಗಿದ್ದವು. ಆಚೆ ದಡದಲ್ಲಿ ಅಧ್ಯಕ್ಷೆ ತಿರುಗಿ ನೋಡಿದಳು. ಹಿಡಿಕೆಗಳೆಲ್ಲ ತುಂಬಿದ್ದವು. "ಎಲ್ಲರೂ ಇದೀರಿ, ನಡೀರಿ!" ಎಂದಳು.

ಮನೆಯಲ್ಲಿ ಟೀ ಲೋಟಗಳ ಗದ್ದಲದ ನಡುವೆ ಸೊಸೆ, "ಪುಟ್ಟಿ ಎಲ್ಲಿ ಅತ್ತಿಗೆ?" ಎಂದು ಕೇಳಿದಳು. "ಇಲ್ಲೇ ಎಲ್ಲೋ ಆಡ್ತಿರ್ತಾಳೆ. ಮೊದಲು ಟೀ ಕೊಡು," ಎಂದಿತು ಉತ್ತರ. ಮತ್ತೆ ಕೇಳಿದಾಗ ಅತ್ತೆ ಕಣ್ಣು ಕೆಕ್ಕರಿಸಿದರು. ಬಂದವರು ಹೊರಡುವವರೆಗೂ ಅವಳು ಲೋಟ ತುಂಬಿದಳು, ಖಾಲಿ ಲೋಟ ಎತ್ತಿದಳು. ಆಮೇಲೆ ಬರಿಗಾಲಲ್ಲೇ ಓಡಿದಳು. ದೊಡ್ಡ ರಸ್ತೆಯ ಆಚೆ ಬೀದಿದೀಪ ಹತ್ತಿಕೊಂಡಿತ್ತು. ಆ ಕಂಬದ ಕೆಳಗೆ, ಕಂಬವನ್ನೇ ಅಪ್ಪಿಕೊಂಡು ಪುಟ್ಟಿ ನಿಂತಿದ್ದಳು. ಲಂಗ ಒದ್ದೆಯಾಗಿತ್ತು… "ಅಮ್ಮಾ, ನಾನು ದಾಟಲಿಲ್ಲ," ಎಂದಳು ಮಗಳು. ಅಷ್ಟೇ. ಉಳಿದದ್ದನ್ನು ಸಾಲಿನ ಮಕ್ಕಳು ಹೇಳಿದರು. ಅಂದಿನಿಂದ ಮಗುವಿಗೆ ಜ್ವರ.

ಮಗು ಒಂಟಿಯಾಗಿ ನಿಂತದ್ದನ್ನು ಬೀದಿಬದಿಯ ತರಕಾರಿಯವನು ನೋಡಿದ್ದ. ಮಾತು ಹಬ್ಬಿತು. ಪೋಷಕರು ಉತ್ತರ ಕೇಳಿದರು. ಆಗ ಅಧ್ಯಕ್ಷೆ ತಮ್ಮನ ಮನೆಗೆ ಬಂದು ಕೂತು, ಎಷ್ಟು ಸಲೀಸಾಗಿ ಹೇಳಿದಳು ಕೇಳಿ!

"ನೋಡು, ನನ್ನ ಕೈಲಿ ಹಗ್ಗ ಇದ್ದಾಗ ಮಗು ತಪ್ಪಿತು ಅಂದ್ರೆ ಸಾಲೇ ನಿಂತುಹೋಗುತ್ತೆ, ನನ್ನ ಹೆಸರೂ ಮಣ್ಣುಪಾಲಾಗುತ್ತೆ. ಪುಟ್ಟೀನ ನಾನೇ ಕರ್ಕೊಂಡು ಹೋಗ್ತೀನಿ ಅಂದಿದ್ದೆ, ಕೆಲಸದ ಗಡಿಬಿಡೀಲಿ ಮರೆತೆ ಅಂತ ನೀನು ಹೇಳಿಬಿಡು. ನಿನ್ನ ಮಗಳನ್ನ ನೀನು ಮರೆತರೆ ಕೇಳೋರು ಯಾರು?"

ಅವಳು ಗಂಡನ ಮುಖ ನೋಡಿದಳು. ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ಆ ಗಂಡಸಿಗೆ ಅಕ್ಕನ ಎದುರು ನಾಲಿಗೆಯೇ ಹೊರಳುತ್ತಿರಲಿಲ್ಲ. ಅಪ್ಪ ಸತ್ತಾಗ ಅಕ್ಕ ತನ್ನ ಓದು ಬಿಟ್ಟು, ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸ ಮಾಡಿ ಇವನನ್ನು ಓದಿಸಿದ್ದಳು. ಅದು ಸುಳ್ಳಲ್ಲ. ಆದರೆ ಒಂದು ಉಪಕಾರವನ್ನು ಎಷ್ಟು ಸಲ ವಸೂಲಿ ಮಾಡಬಹುದು? "ಇದೊಂದ್ಸಲ ಸಹಿಸ್ಕೋ," ಎಂದ ಅವನು ನೆಲ ನೋಡುತ್ತ. "ಅವಳು ಇಲ್ದಿದ್ರೆ ನಾನು ಏನಾಗಿರ್ತಿದ್ದೆ ಹೇಳು."

ಅವಳು ಒಪ್ಪಿದಳು. ಸಾಲು ಉಳಿದರೆ ಸಾಕು, ಮನೆ ಒಡೆಯದಿದ್ದರೆ ಸಾಕು ಎಂದುಕೊಂಡು ಒಪ್ಪಿದಳು ಪುಣ್ಯಾತ್ಗಿತ್ತಿ!

ಈಗ ಟೀ ತಟ್ಟೆ ಹಿಡಿದು ಅವಳು ನಡುಮನೆಗೆ ಬಂದಳು. ಬಸ್ ಓಡಿಸುವ ಡ್ರೈವರಣ್ಣ ಲೋಟ ತೆಗೆದುಕೊಂಡ, ಕುಡಿಯಲಿಲ್ಲ.

"ನಾವು ಜಗಳಕ್ಕೆ ಬಂದಿಲ್ಲಮ್ಮ," ಎಂದ. "ನನ್ನ ಮಕ್ಕಳಿಬ್ಬರೂ ಆ ಹಗ್ಗ ಹಿಡ್ಕೊಂಡೇ ಹೋಗೋದು. ಏನಾಯ್ತು ಅಂತ ಗೊತ್ತಾಗ್ಬೇಕು, ಅಷ್ಟೆ."

"ಪಾಪ, ಅವಳನ್ನ ಬಯ್ಯಬೇಡಿ," ಎಂದಳು ಅಧ್ಯಕ್ಷೆ, ಬೆಣ್ಣೆಯಂಥ ದನಿಯಲ್ಲಿ. "ಅವಳಿಗೂ ಕೆಲಸ ಜಾಸ್ತಿ. ಮನುಷ್ಯರು ಅಂದ್ಮೇಲೆ ಮರೆವು ಇದ್ದದ್ದೇ. ಹೇಳಮ್ಮ, ಹೇಳು."

ಸೊಸೆ ತಟ್ಟೆಯ ಮೇಲೇ ಕಣ್ಣು ನೆಟ್ಟು ಹೇಳಿದಳು. "ಹೌದು… ಪುಟ್ಟೀನ ನಾನೇ ಕರ್ಕೊಂಡು ಹೋಗ್ತೀನಿ ಅಂದಿದ್ದೆ… ಮರೆತೆ."

ಎಲ್ಲರೂ ಒಟ್ಟಿಗೇ ಮಾತಾಡಿದರು. ಹೆತ್ತ ಮಗಳನ್ನೇ ಮರೆಯೋದಾ? ಇನ್ನು ನಮ್ಮ ಮಕ್ಕಳನ್ನ ಯಾವ ಧೈರ್ಯದ ಮೇಲೆ ಕಳಿಸೋದು? ಇಷ್ಟು ದಿನ ತಮ್ಮ ಮಕ್ಕಳ ಮೂಗು ಒರೆಸಿ, ಬೂಟಿನ ದಾರ ಕಟ್ಟಿ ದಾಟಿಸಿದವಳಿಗೆ ಈ ಮಾತು! ಅವಳು ತಲೆ ತಗ್ಗಿಸಿ ನಿಂತಳು. ಅತ್ತೆಯ ಮುಖದಲ್ಲಿ ಗಂಡಾಂತರ ಕಳೆದ ನೆಮ್ಮದಿ ಕಾಣಿಸಿತು.

ಆಸ್ಪತ್ರೆಯ ನರ್ಸಮ್ಮ ಒಬ್ಬಳು ಮಾತ್ರ ತಲೆಯಾಡಿಸಿದಳು. "ನನಗೆ ಯಾಕೋ ನಂಬಿಕೆ ಬರ್ತಿಲ್ಲ. ನಮ್ಮ ಹುಡುಗಿ ಟೋಪಿ ಮರೆತರೂ ಬಾಗಿಲ ತನಕ ತಂದುಕೊಡೋಳು ಇವಳು. ಮಗಳನ್ನ ಮರೀತಾಳಾ?"

ಅಧ್ಯಕ್ಷೆಯ ಮುಖ ಬಿಗಿಯಿತು. "ನಂಬಿಕೆ ಇಲ್ಲ ಅಂದ್ರೆ ಮಗುನೇ ಕೇಳಿ! ಪುಟ್ಟೀ, ಬಾ ಇಲ್ಲಿ. ಏನಾಯ್ತು ಹೇಳು, ಕಂದಾ."

ಜ್ವರದಿಂದ ಸೊರಗಿದ ಮಗು ಕೋಣೆಯಿಂದ ಬಂದು ನಿಂತಿತು. ಕೈಗಳನ್ನು ಹಿಂದೆ ಕಟ್ಟಿಕೊಂಡಿತು. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ, ಯಾರ ಮುಖವನ್ನೂ ನೋಡದೆ, ಒಂದೇ ಉಸಿರಿನಲ್ಲಿ ಹೇಳಿತು.

"ಅಮ್ಮ ನಾನೇ ಕರ್ಕೊಂಡು ಹೋಗ್ತೀನಿ ಅಂದಿದ್ಲು. ಆಮೇಲೆ ನನ್ನ ಮರೆತುಬಿಟ್ಲು. ಅತ್ತೆದು ಏನೂ ತಪ್ಪಿಲ್ಲ."

ಟೀ ತಟ್ಟೆ ನೆಲಕ್ಕೆ ಬಿತ್ತು.

"ಯಾರು…" ಎಂದಳು ತಾಯಿ. ಅದು ಆ ಮನೆ ಎಂದೂ ಕೇಳಿರದ ದನಿಯಾಗಿತ್ತು. "ಯಾರು ಹೇಳಿಕೊಟ್ರು ಇದನ್ನ ಇವಳಿಗೆ? ನೀವಾ ಅತ್ತಿಗೆ? ಜ್ವರ ಬಂದು ಮಲಗಿರೋ ಕೂಸಿನ ಪಕ್ಕ ಕೂತು ಇದನ್ನ ಬಾಯಿಪಾಠ ಮಾಡಿಸಿದ್ರಾ? ನಿನ್ನೆ ನೀವು ಇವಳ ಕೋಣೆಗೆ ಹೋದಾಗ ಹಣ್ಣು ಕೊಟ್ಟು ಹೋಗೋಕೆ ಬಂದಿದೀರಿ ಅಂದ್ಕೊಂಡೆನಲ್ಲಾ ನಾನು!"

"ಬಾಯಿ ಮುಚ್ಚು!" ಅತ್ತೆ ಎದ್ದು ನಿಂತರು. "ದೊಡ್ಡವರು ಚಿಕ್ಕವರು ಅಂತ ಇಲ್ವಾ?"

"ಇಷ್ಟು ವರ್ಷ ಮುಚ್ಕೊಂಡೇ ಇದ್ದೆ ಅತ್ತೆ! ಸುಳ್ಳನ್ನ ಹೊತ್ಕೋ ಅಂದ್ರಿ, ಹೊತ್ತೆ. ಹೆತ್ತ ಮಗಳನ್ನ ಮರೆತವಳು ಅನ್ನಿಸ್ಕೋ ಅಂದ್ರಿ, ಅನ್ನಿಸ್ಕೊಂಡೆ. ಆದ್ರೆ ಇವಳ ಬಾಯಲ್ಲಿ ಹೇಳಿಸಿದ್ರಲ್ಲ… ನಿಮ್ಮ ಕುರ್ಚಿ ಉಳಿಸೋಕೆ ನನ್ನ ಮಗು ಸುಳ್ಳು ಹೇಳ್ಬೇಕಾ? ಎಲ್ಲರೂ ಕೇಳಿ! ಅವತ್ತು ಹಗ್ಗ ಹಿಡಿದಿದ್ದು ಇವರು. ನನ್ನನ್ನ ಟೀ ಮಾಡೋಕೆ ಕಳಿಸಿದ್ದು ಇವರು. ಬಂದವರ ಮಗು ನಡೀಬೇಕು ಅಂತ ಪುಟ್ಟಿ ಕೈ ಬಿಡಿಸಿದ್ದೂ ಇವರೇ. ನಿಮ್ಮ ಮಕ್ಕಳೂ ಸಾಲಲ್ಲಿದ್ರು, ಮನೆಗೆ ಹೋಗಿ ಕೇಳಿ. ನಾನು ಇವರಿಬ್ಬರಿಗೆ ಹೆದರಿ ಟೀ ಹಂಚ್ತಾ ಕೂತೆ. ಅದು ನನ್ನ ತಪ್ಪು. ಅದಕ್ಕೆ ಎಷ್ಟು ಬೇಕಾದ್ರೂ ಬಯ್ಯಿರಿ. ಆದ್ರೆ ನಾನು ಮರೀಲಿಲ್ಲ… ಮರೀಲಿಲ್ಲ!"

ಅವಳು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ನರ್ಸಮ್ಮ ಬಂದು ಅವಳ ಬೆನ್ನು ಹಿಡಿದುಕೊಂಡಳು.

ಅಧ್ಯಕ್ಷೆ ತಮ್ಮನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ಅದು ನಿಜವಾದ ನೀರೇ. "ಕೇಳ್ತಾ ನಿಂತಿದೀಯಲ್ಲೋ! ನಿನ್ನನ್ನ ಓದಿಸಿ ಮನುಷ್ಯನ್ನ ಮಾಡಿದ್ದಕ್ಕೆ ಇದಾ ನನಗೆ ಸಿಗೋದು? ಒಂದು ಮಾತು ಹೇಳು. ಇವಳು ಸುಳ್ಳು ಹೇಳ್ತಿದಾಳೆ ಅನ್ನು!"

ಅವನು ಅಕ್ಕನನ್ನು ನೋಡಿದ. ಮಗಳನ್ನು ನೋಡಿದ. "ಸುಳ್ಳಲ್ಲ ಅಕ್ಕಾ," ಎಂದ. ಅವನ ಜೀವಮಾನದಲ್ಲಿ ಅಕ್ಕನಿಗೆ ಎದುರಾಡಿದ ಮೊದಲ ಮಾತು ಅದು, ಅದೂ ಎರಡೇ ಪದ. ಅಷ್ಟಕ್ಕೇ ಬೆವತುಹೋದ.

ಅಧ್ಯಕ್ಷೆ ಹೊರಟಳು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಅತ್ತೆ ಒಂದು ಚೀಲಕ್ಕೆ ಬಟ್ಟೆ ತುರುಕಿಕೊಂಡು ಮಗಳ ಹಿಂದೆಯೇ ನಡೆದರು. ತಡೆಯಲು ಹೋದ ಮಗನ ಕೈಯನ್ನು ಕೊಡವಿದರು. ಪೋಷಕರು ಚಪ್ಪಲಿ ಹುಡುಕಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಎದ್ದರು. ಅನ್ನುವುದನ್ನೆಲ್ಲ ಅಂದು ಮುಗಿಸಿದವರಿಗೆ ಕ್ಷಮೆ ಕೇಳಲು ಮಾತ್ರ ಮಾತು ಸಿಗಲಿಲ್ಲ ನೋಡಿ! ಡ್ರೈವರಣ್ಣ ಬಾಗಿಲಲ್ಲಿ ನಿಂತ. "ನಾಳೆ ಮಕ್ಕಳನ್ನ ಕಳಿಸ್ತೀನಮ್ಮ. ಹಗ್ಗ ಮಾತ್ರ ನಿಮ್ಮ ಕೈಲೇ ಇರ್ಲಿ," ಎಂದು ಹೇಳಿ ಹೋದ.

ಮನೆ ಖಾಲಿಯಾಯಿತು. ಗಂಡ ಲೋಟಗಳನ್ನು ಒಂದೊಂದಾಗಿ ಆರಿಸಿ ಅಡುಗೆಮನೆಗೆ ಒಯ್ದು ತೊಳೆಯತೊಡಗಿದ. ಮದುವೆಯಾದ ಮೇಲೆ ಅವನು ಆ ತೊಟ್ಟಿಯ ಮುಂದೆ ನಿಂತದ್ದು ಅದೇ ಮೊದಲು. ಲೋಟ ತೊಳೆದರೆ ತೊಳೆದುಹೋಗುವ ಕೊಳೆಯೇ ಅದು? ಅವಳು ಅವನ ಹಿಂದೆ ಬಂದು ನಿಂತಳು.

"ಪುಟ್ಟಿಗೆ ಹೇಳಿಕೊಡೋದು ನಿಮಗೂ ಗೊತ್ತಿತ್ತಾ?"

"ಆಣೆಗೂ ಗೊತ್ತಿರ್ಲಿಲ್ಲ."

"ಗೊತ್ತಿದ್ದಿದ್ರೆ ತಡೀತಿದ್ರಾ?"

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅವನು ತೊಳೆದ ಲೋಟವನ್ನೇ ಮತ್ತೆ ತೊಳೆದ. ಅವಳು ಕೋಣೆಗೆ ಹೋದಳು.

ಪುಟ್ಟಿ ಹಾಸಿಗೆಯ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಅಮ್ಮನನ್ನು ಕಂಡು ಇನ್ನಷ್ಟು ಗೋಡೆಗೆ ಒತ್ತಿಕೊಂಡಳು.

"ಅಮ್ಮಾ, ನಾನು ತಪ್ಪಾಗಿ ಹೇಳಿದ್ನಾ? ಅತ್ತೆ ಹೇಳಿಕೊಟ್ಟ ಹಾಗೇ ಹೇಳ್ದೆ. ಹೀಗೆ ಹೇಳಿದ್ರೆ ನಿನ್ನ ಯಾರೂ ಬಯ್ಯಲ್ಲ ಅಂದಿದ್ರು."

"ಬಾ ಇಲ್ಲಿ," ಎಂದಳು ತಾಯಿ ಕೈ ಚಾಚಿ. "ನಿಂದೇನೂ ತಪ್ಪಿಲ್ಲ ಕಣೆ. ಅದು ನಿಜ ಅಲ್ಲ, ಅಷ್ಟೇ. ಅದನ್ನ ಇನ್ನು ಯಾರ ಹತ್ರಾನೂ ಹೇಳ್ಬೇಡ."

ಮಗು ಬರಲಿಲ್ಲ. ಅಮ್ಮನ ಮುಖವನ್ನೇ ನೋಡಿತು. ಆ ಪುಟ್ಟ ಎದೆ ಈ ಮೂರು ನಾಲ್ಕು ದಿನ ಏನು ಹೊತ್ತುಕೊಂಡಿತ್ತು ಎಂದು ತಾಯಿಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

"ಹಾಗಾದ್ರೆ…" ಎಂದಳು ಪುಟ್ಟಿ. "ನೀನು ನಿಜವಾಗ್ಲೂ ನನ್ನ ಮರೆತಿರ್ಲಿಲ್ವಾ ಅಮ್ಮಾ?"