ಎರಡು ಕೋಟು ಹೆದರಿಕೆ

ಹಿರಿಯ ಎಂಜಿನಿಯರ್ ಸತ್ಯನಾರಾಯಣರಾಯರು ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದದ್ದನ್ನೇ ಅವತ್ತೂ ಹೇಳಿದರು: ಮಹಡಿ ಹೊರುವ ಉಕ್ಕಿನ ತೊಲೆಗಳಲ್ಲಿ ಒಂದನ್ನೂ ಬಿಡದೆ ಬೆಂಕಿ ತಡೆಯುವ ಪೇಂಟ್ ಬಳಿಯಬೇಕು. ಮೀಟಿಂಗಿನಲ್ಲಿ ಮೊದಲು ನಕ್ಕವರು ಕಂಪನಿಯ ಮಾಲೀಕ ಜಯಶೀಲ ಶೆಟ್ಟರು.

"ಎಂತ ಸತ್ಯಣ್ಣ, ತೊಲೆಗೆ ಬೇಡ ಮಾರಾಯ್ರೆ, ನಿಮ್ಮ ಹೆದರಿಕೆಗೆ ಎರಡು ಕೋಟು ಹೊಡೆಸುವ."

ಬೆಂಗಳೂರಿನಿಂದ ಬಂದು ಎರಡು ವರ್ಷವೂ ಆಗದ ಕಿರಿಯ ಎಂಜಿನಿಯರ್ ಸುಮುಖ ಮಾತ್ರ ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. "ಸಾರ್, ಅಂಚಿನ ತೊಲೆಗೆ ಬಳಿದ್ರೆ ಸಾಕು. ನಡುವಿನದು ಕಾದು ಬಗ್ಗಿದ್ರೂ ಕಾಂಕ್ರೀಟೊಳಗಿನ ಜಾಲರಿ ಎಳೆದು ಹಿಡ್ಕೊಳತ್ತೆ. ನಾಲ್ಕು ಜನ ಕಂಬಳಿ ಹಿಡಿದಂಗೆ ಸ್ಲ್ಯಾಬ್ ಜೋತಾಡತ್ತೆ, ಬೀಳಲ್ಲ."

ಅವತ್ತೇ ನಕ್ಷೆಗಳಿಗೆ ಕೊನೆಯ ಸಹಿ ಹಾಕುವ ಅಧಿಕಾರ ರಾಯರಿಂದ ಸುಮುಖನಿಗೆ ಹೋಯಿತು. ರಾಯರಿಗೆ ಸಂಬಳ ಇತ್ತು, ಕುರ್ಚಿ ಇತ್ತು. ಪೆನ್ನಿಗೆ ಮಾತ್ರ ಕೆಲಸ ಇರಲಿಲ್ಲ. ಡೊಂಬಿವಲಿಯ ಮನೆಯಿಂದ ಠಾಣೆ, ಠಾಣೆಯಿಂದ ತುರ್ಭೆಯ ಆಫೀಸು, ಎರಡು ಲೋಕಲ್ ರೈಲು ಬದಲಿಸುವಷ್ಟು ಹೊತ್ತೂ ಅವರ ಬೆರಳು ಬ್ಯಾಗಿನ ಮೇಲೆ ಸಹಿ ಹಾಕುತ್ತಿತ್ತು.

ಪರಿಹಾರ ತುರ್ಭೆಯಲ್ಲೇ ನಿಂತಿತ್ತು: ಆ ಮೀಟಿಂಗಿನ ನಂತರ ಸುಮುಖನ ಲೆಕ್ಕದಂತೆ ಕಟ್ಟಿದ ಮೊದಲ ಗೋದಾಮು. ಕೆಳಗೆ ಪ್ಯಾಕಿಂಗಿನ ಮರ, ಮೇಲೆ ಖಾಲಿ ಮಹಡಿ, ನಡುವೆ ಪೇಂಟ್ ಕಾಣದ ಬೆತ್ತಲೆ ತೊಲೆಗಳು. ಅದು ಬಿದ್ದರೆ ಹುಡುಗನ ಥಿಯರಿ ಬಿದ್ದಂತೆ, ಪೆನ್ನು ಎದ್ದಂತೆ. ಯಾರೂ ಸಾಯಬಾರದು, ರಾಯರು ಕೊಲೆಗಾರರಲ್ಲ, ಎಂಜಿನಿಯರು. ಶುಕ್ರವಾರ ವಾರದ ರಜೆ. ಮಧ್ಯಾಹ್ನ ಒಂದಕ್ಕೆ ವಾಚ್‌ಮನ್ ಯಂಕಣ್ಣ ರಸ್ತೆಯಾಚೆ ಸಾಬವ್ವನ ಖಾನಾವಳಿಗೆ ರೊಟ್ಟಿ ತಿನ್ನಲು ಹೋದರೆ ಎರಡರವರೆಗೆ ಏಳುವುದಿಲ್ಲ. ಏಳುನೂರು ಡಿಗ್ರಿಗೆ ಉಕ್ಕಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟು ಕಾಯಲು ಅರ್ಧ ಗಂಟೆ ಧಾರಾಳ. ಆಮೇಲೆ ಟನ್ನುಗಟ್ಟಲೆ ಕಾಂಕ್ರೀಟು ಬೆಂಕಿ ಹುಟ್ಟಿದ ಜಾಗದ ಮೇಲೇ ಕೂತು, ಸಾಕ್ಷಿಯನ್ನು ಚಟ್ನಿ ಮಾಡುತ್ತದೆ. ತನ್ನ ಮೇಲೆ ತಾನೇ ಮುಚ್ಚಳ ಹಾಕಿಕೊಳ್ಳುವ ಅಪರಾಧ! ಇಷ್ಟು ಚೊಕ್ಕ ವಿನ್ಯಾಸ ಅವರಿಂದ ವರ್ಷಗಟ್ಟಲೆ ಹೊರಬಿದ್ದಿರಲಿಲ್ಲ.

ಒಣ ಕಟ್ಟಿಗೆಗೆ ಕಿಡಿ ದಾಟಿಸಲು ಹಳೆಯ ಪೇಪರ್ ಬೇಕಿತ್ತು. ಮನೆಗೆ ಬರುವ ಕನ್ನಡ ಪತ್ರಿಕೆಯನ್ನು ಅವರು ಮುಟ್ಟಲಿಲ್ಲ. ತುರ್ಭೆಯಲ್ಲಿ ಅದು ಸಿಕ್ಕರೆ ಆಧಾರ್ ಕಾರ್ಡ್ ಸಿಕ್ಕಂತೆ. ಲಕ್ಷ ಮನೆಗೆ ಬರುವ ಇಂಗ್ಲಿಷ್ ಪತ್ರಿಕೆಗೆ ಜಾತಿಯಿಲ್ಲ, ಊರಿಲ್ಲ.

"ರೀ, ರದ್ದಿಯವ್ನು ಬಂದಿದ್ದಾನೆ. ಇಂಗ್ಲಿಷ್ ಪೇಪರೆಲ್ಲ ಎಲ್ಲಿ?" ಎಂದಳು ಹೆಂಡತಿ ಜಾನಕಿ.

"ಆಫೀಸಲ್ಲಿ ನಕ್ಷೆ ಸುತ್ತಕ್ಕೆ."

"ಇಂಜಿನಿಯರ್‌ಗೆ ಈಗ ಸುತ್ತೋ ಕೆಲಸಾನಾ?"

ಗುರುವಾರ ಸಂಜೆ ಗೋದಾಮಿನಿಂದ ಎಲ್ಲರೂ ಹೊರಟ ಮೇಲೆ ಪೇಪರ್ ಕಟ್ಟುಗಳನ್ನು ಬಿಗಿಯಾಗಿ ಮಡಚಿ ಮರದ ನಡುವೆ ತುರುಕಿದರು. ಕಿಡಿ ಮರುದಿನ ಒಂದು ಗಂಟೆಗೆ ಏಳುವಂತೆ ಏರ್ಪಾಡು ಮಾಡಿದರು. ಅದರ ವಿವರ ಅವಮಾನಗೊಂಡ ಬೇರೆ ಎಂಜಿನಿಯರುಗಳಿಗೆ ತಿಳಿಯದಿರುವುದೇ ಕ್ಷೇಮ.

ಶುಕ್ರವಾರ ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲೊಂದು ಮದುವೆ. ಮುನ್ನೂರು ಜನರ ಕಣ್ಣೆದುರು ರಾಯರು ಎಲೆ ಮುಂದೆ ಕೂತರು. ವಾಚು ನೋಡಿದರು, ಮೊಬೈಲು ನೋಡಿದರು, ಮತ್ತೆ ವಾಚು. ಕೈ ತೊಳೆಯಲು ಎರಡು ಸಲ ಎದ್ದರು. ಕೊನೆಗೂ ಶೆಟ್ಟರ ಫೋನ್ ಬಂತು.

"ಸತ್ಯಣ್ಣ, ಗೋದಾಮಿಗೆ ಬೆಂಕಿ ಬಿದ್ದಿದೆ!"

ಬೆಂಕಿ ಬಿದ್ದಿದೆ, ಸರಿ. ಸ್ಲ್ಯಾಬ್? ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಅಭ್ಯಾಸ ಮಾಡಿಟ್ಟ ವಾಕ್ಯ ಆಡಿದರು: "ಅಯ್ಯೋ! ಯಾರಿಗೂ ಏನೂ ಆಗಿಲ್ಲ ತಾನೆ?"

ಯಾರಿಗೂ ಏನೂ ಆಗಿರಲಿಲ್ಲ. ಮಹಡಿಗೂ. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ನಡುವಿನ ತೊಲೆಗಳು ಬೆಂದ ಶಾವಿಗೆಯಂತೆ ಬಗ್ಗಿದ್ದವು. ಸ್ಲ್ಯಾಬ್ ಮಾತ್ರ ಒಂದೂವರೆ ಅಡಿ ಜೋತು, ಅಂಚಿನ ತೊಲೆಗಳನ್ನು ಹಿಡಿದು ತೂಗುತ್ತಿತ್ತು. ಅದರಡಿ ನಿಲ್ಲಲು ರಾಯರಿಗೆ ಭಯವಾಯಿತು. ಇಪ್ಪತ್ತಾರು ವರ್ಷದ ಸಿದ್ಧಾಂತ ಕುಸಿದಿತ್ತು, ಸರಿ. ಅಪರಾಧ ಇನ್ನೂ ಗಟ್ಟಿಯಾಗಿತ್ತಲ್ಲ. ಕಲ್ಯಾಣದ ಮುನ್ನೂರು ಜನ ಅದನ್ನು ಹೊತ್ತು ನಿಂತಿದ್ದರು.

ಬೆಂಕಿ ಆರಿಸಿದ ಅಧಿಕಾರಿ ಸ್ಲ್ಯಾಬಿನಡಿಯಿಂದ ಒದ್ದೆ ಕಟ್ಟೊಂದನ್ನು ಎತ್ತಿ ತಂದರು. ಬಿಗಿಯಾಗಿ ಮಡಚಿದ್ದರಿಂದ ಅಂಚು ಮಾತ್ರ ಕರಕಲು. "ಯೇ ಸೀ ಸಾತ್ ಸೌ ಚಾರ್ ಕೋನ್ ಹೈ?" ಒಂದೊಂದನ್ನೇ ಬಿಡಿಸಿದರು, ಏಳು ಪೇಪರ್, ಏಳರ ತಲೆಯಲ್ಲೂ ಪೆನ್ಸಿಲ್‌ನಲ್ಲಿ ಅದೇ ಗೀಚು, 'ಸಿ-704'. ಸುಮುಖ ಬಗ್ಗಿ ನೋಡಿ, ಪರಿಚಿತರು ಕಂಡವನಂತೆ ಮುಖ ಅರಳಿಸಿದ: "ಸಾರ್, ನಿಮ್ಮ ಮನೆ ನಂಬರಲ್ವಾ? ಪೂಜೆಗೆ ಬಂದಿದ್ನಲ್ಲ." ಡೊಂಬಿವಲಿ ಸ್ಟೇಷನ್ನಿನ ಹೊರಗೆ ಪೇಪರಿನವನು ದಿನಾ ಬೆಳಿಗ್ಗೆ ಕೂತು, ಯಾವ ಪತ್ರಿಕೆ ಯಾರ ಬಾಗಿಲಿಗೆ ಎಂದು ತಪ್ಪದಿರಲು ಪ್ರತಿಯೊಂದರ ಮೂಲೆಯಲ್ಲೂ ಫ್ಲ್ಯಾಟಿನ ನಂಬರ್ ಬರೆಯುತ್ತಾನೆ. ಹದಿನಾಲ್ಕು ವರ್ಷ ಅದನ್ನು ದಿನಾ ಕಾಣುತ್ತಿದ್ದ ರಾಯರು ಒಂದು ದಿನವೂ ನೋಡಿರಲಿಲ್ಲ.