ಒಂಬತ್ತು ಕಡೆಯ ಮಣ್ಣು

ಹನ್ನೊಂದು ವರ್ಷದ ಹಿಂದೆ, ಆಸ್ಪತ್ರೆಯ ಮಂಚದಲ್ಲಿ, ಸೊಣ್ಣಪ್ಪ ಮೊಮ್ಮಗನ ಕೈ ಹಿಡಿದು ಕೇಳಿದ್ದು ಒಂದೇ ಮಾತು.

"ತೋಟದಲ್ಲಿ ಸೊಪ್ಪು ಬೆಳೆಯೋದು ನಿಲ್ಲಿಸ್ಬೇಡ ಕಣೋ."

"ನಿಲ್ಲಿಸಲ್ಲ ತಾತ," ಎಂದಿದ್ದ ಮುನೇಶ್.

ತೋಟವೆಂದರೆ ಚಾಮರಾಜಪೇಟೆಯ ಗೋಡೆಗಳ ನಡುವೆ ಹೇಗೋ ಉಳಿದುಕೊಂಡ ಆರು ಗುಂಟೆ. ದಂಟು, ಮೆಂತ್ಯ, ಕೊತ್ತಂಬರಿ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದರೂ ಅವನು ಮಾತು ತಪ್ಪಿರಲಿಲ್ಲ. ಈಚೆಗೆ ಬಸವನಗುಡಿಯ ಸಾವಯವ ಅಂಗಡಿಯವರು, ಮಣ್ಣಿನ ರಿಪೋರ್ಟ್ ತಂದರೆ ಅಷ್ಟೂ ಸೊಪ್ಪನ್ನು ತಾವೇ ಕೊಳ್ಳುವುದಾಗಿ ಹೇಳಿದರು. ಮುನೇಶ್ ಡಬ್ಬಿ ತುಂಬ ಮಣ್ಣು ಹಿಡಿದು ಲ್ಯಾಬಿಗೆ ಹೋದ.

ಮಣ್ಣು ಪರೀಕ್ಷಿಸುವ ಯಶಶ್ರೀ ಡಬ್ಬಿಯ ಮುಚ್ಚಳ ತೆಗೆದಳು.

"ಎಲ್ಲಿಂದ ತೆಗೆದ್ರಿ?"

"ಕರಿಬೇವಿನ ಬುಡದಿಂದ ಮೇಡಂ. ತೋಟದಲ್ಲೇ ಅದು ಫಸ್ಟ್ ಕ್ಲಾಸ್ ಮಣ್ಣು. ಕಲ್ಲು, ಕಸ ಎಲ್ಲಾ ಆರಿಸಿ ಜರಡಿ ಹಿಡಿದಿದೀನಿ."

ಅವಳು ನಗು ತಡೆದಳು. ತಡೆದದ್ದು ಕೆನ್ನೆಯ ಗುಳಿಯಲ್ಲಿ ಕಂಡೇಬಿಟ್ಟಿತು.

"ಗಂಡಿನ ಕಡೆಯವ್ರು ಬರ್ತಾರೆ ಅಂತ ಹುಡುಗಿಗೆ ಸಿಂಗಾರ ಮಾಡ್ದಂಗಿದೆ. ಇದು ನಡೆಯಲ್ಲ, ಇಡೀ ತೋಟದ ಮಣ್ಣು ಬೇಕು. ನಾನೇ ಬಂದು ತಗೋತೀನಿ."

ಭಾನುವಾರ ಬಂದಳು. ತೋಟದ ಒಂಬತ್ತು ಕಡೆ ಗೇಣುದ್ದದ ಗುಂಡಿ ತೋಡಿಸಿ, ಆ ಮಣ್ಣನ್ನೆಲ್ಲ ಹಾಳೆಯ ಮೇಲೆ ಬೆರೆಸಿ, ರೊಟ್ಟಿಯಂತೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿದಳು. ಉಳಿದದ್ದನ್ನು ಮತ್ತೆ ನಾಲ್ಕು ಮಾಡಿದಳು.

"ಇದೇನ್ ತಾಯಿ, ಮಣ್ಣಿಗೂ ಪಾಲು ಪಂಚಾಯ್ತಿನಾ?" ಎಂದರು ಮುನೇಶನ ತಾಯಿ ಮುನಿಗಂಗಮ್ಮ.

ಅಷ್ಟರಲ್ಲಿ ಮುನೇಶ್ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಹತ್ತಿರ ಒಯ್ದಿದ್ದ. ಯಶಶ್ರೀ ಮಣಿಕಟ್ಟು ಹಿಡಿದಳು.

"ಬಾಯಿಗೆ ಹಾಕ್ಬೇಡಿ."

"ನಮ್ ತಾತ ನೆಕ್ಕೇ ಹೇಳೋರು, ಮಣ್ಣು ಹೆಂಗಿದೆ ಅಂತ."

"ನೀವು ನನ್ನ ಕೇಳಿ, ಹೇಳ್ತೀನಿ."

ಕೈ ಬಿಡುವುದನ್ನು ಅವಳು ಸ್ವಲ್ಪ ಹೊತ್ತು ಮರೆತಳು. ಅವನು ನೆನಪಿಸಲಿಲ್ಲ.

ಆಮೇಲೆ ಹದಿನೈದು ದಿನ ಇಬ್ಬರಿಗೂ ಫೋನ್ ಮಾಡಲು ಕಾರಣಗಳು ಸಿಗುತ್ತಲೇ ಇದ್ದವು. ಮೆಂತ್ಯ ಮೊಳಕೆಯೊಡೆದದ್ದೂ ಹೇಳಲೇಬೇಕಾದ ಸುದ್ದಿಯಾಯಿತು.

ಹದಿನಾರನೆಯ ದಿನ ಅವಳು ರಿಪೋರ್ಟ್ ಹಿಡಿದು ಬಂದು ತೋಟದ ಬದುವಿನ ಮೇಲೆ ಕುಳಿತಳು.

"ಪಕ್ಕದಲ್ಲಿ ಮುಂಚೆ ಏನಿತ್ತು?"

"ಹಳೇ ಬ್ಯಾಟರಿ ಒಡೆಯೋ ಶೆಡ್ಡು. ಮುಚ್ಚಿ ಇಪ್ಪತ್ತು ವರ್ಷ ಆಯ್ತು."

"ಶೆಡ್ ಹೋಗಿದೆ, ಸೀಸ ಇಲ್ಲೇ ಉಳಿದಿದೆ. ಮಣ್ಣಿಂದ ಸೊಪ್ಪಿಗೆ ಬರುತ್ತೆ. ತಿನ್ನೋ ಮಕ್ಕಳಿಗೆ ತುಂಬಾ ಕೆಟ್ಟದ್ದು."

ಮುನೇಶ್ ದಂಟಿನ ಪಾತಿಯನ್ನೇ ನೋಡುತ್ತಿದ್ದ.

"ಆ ಕರಿಬೇವಿನ ಬುಡದ್ದು ಟೆಸ್ಟ್ ಮಾಡಿದ್ರೆ?"

"ಪಾಸಾದ್ರೂ ಆಗ್ಬಹುದು. ನಾನು ಮಾಡಲ್ಲ."

"ತಾತಂಗೆ ಮಾತು ಕೊಟ್ಟಿದೀನಿ ಯಶಶ್ರೀ." ಮೇಡಂ ಎನ್ನುವುದು ಬಿಟ್ಟುಹೋಗಿತ್ತು.

"ಗೊತ್ತು. ಅದಕ್ಕೇ ವಾಟ್ಸಾಪ್ ಮಾಡದೆ ಬಸ್ಸಲ್ಲಿ ಬಂದೆ."

"ರಿಪೋರ್ಟ್ ಚೆನ್ನಾಗಿದ್ದಿದ್ರೆ?"

"ಆಗ್ಲೂ ಬರ್ತಿದ್ದೆ. ಆಟೋದಲ್ಲಿ."

ಅವನು ನಕ್ಕ. ಕಣ್ಣು ಮಾತ್ರ ನಗಲಿಲ್ಲ. ಪಾತಿಯ ಕಡೆ ತಿರುಗಿ ಕೇಳಿದ, "ಇನ್ನೇನ್ ಬೆಳೀಲಿ ಇಲ್ಲಿ?"

"ತಿನ್ನೋದು ಯಾವುದೂ ಬೇಡ. ಕನಕಾಂಬರ ಹಾಕಿ."

"ಹಾಕಿದ್ರೆ ನೀವು ಮುಡೀತೀರಾ?"

ಅವಳು ರಿಪೋರ್ಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ತಂದುಕೊಟ್ರೆ ದಿನಾ ಮುಡೀತೀನಿ. ಆದ್ರೆ ದಿನಾ ಲ್ಯಾಬ್‌ವರೆಗೂ ಬರೋದು ನಿಮ್ಗೆ ದೂರ ಆಗುತ್ತೆ."

"ಹತ್ರ ಮಾಡ್ಕೊಳ್ಳೋಣ. ನಮ್ಮಮ್ಮನ ಹತ್ರ ಮಾತಾಡ್ಲಾ?"

"ಮಾತಾಡಿ."

ಮರುದಿನ ತಾಯಿ ಮಗ ಸೇರಿ ಅಷ್ಟೂ ಪಾತಿಯ ಸೊಪ್ಪನ್ನು ಬೇರುಸಮೇತ ಕಿತ್ತರು. ಒಂದು ಕಟ್ಟನ್ನೂ ಮಾರಲಿಲ್ಲ, ದನಕ್ಕೂ ಹಾಕಲಿಲ್ಲ. ಸೊಣ್ಣಪ್ಪನಿಗೆ ಕೊಟ್ಟ ಮಾತನ್ನು ಮುನೇಶ್ ಮುರಿದ.