ಇಬ್ಬರ ನಡುವಿನ ಅಲ್ಪವಿರಾಮ

“ರಕ್ಷಾ ಮಿಸ್, ಅವಳು ಟೀ ಮಾಡಿದ್ಲು, ಅವನು ಕುಡಿದ. ಇಷ್ಟು ಚೆಂದದ ಸಂಸಾರದಾಗೆ ಅಲ್ಪವಿರಾಮ ಯಾಕ್ರೀ ತರ್ತೀರಿ?”

ಬೋರ್ಡಿನ ಇಂಗ್ಲಿಷ್ ವಾಕ್ಯ ತೋರಿಸಿ ಕೇಳಿದವನು ಗೋವಿನಕೋವಿಯ ಕೆಂಚೇಶ್. ಮೆಕ್ಕೆಜೋಳದ ಬೀಜದ ಕಂಪನಿಯಲ್ಲಿ ಸೇಲ್ಸ್ ಕೆಲಸ. ಪ್ರಮೋಷನ್‌ಗೆ ಇಂಗ್ಲಿಷ್ ಬೇಕೆಂದು ನ್ಯಾಮತಿಯ ಈ ಸಂಜೆ ಕ್ಲಾಸಿಗೆ ಸೇರಿದ್ದ. ಕಾಮಾ ಎಂದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತದೆಂದು ರಕ್ಷಾ ಅಲ್ಪವಿರಾಮ ಎಂದೇ ಹೇಳುತ್ತಿದ್ದಳು.

“ಒಬ್ಬರೇ ಎರಡು ಕೆಲಸ ಮಾಡಿದ್ರೆ ‘ಅಂಡ್’ಗಿಂತ ಮುಂಚೆ ಏನೂ ಬೇಡ. ಇಬ್ಬರು ಬೇರೆ ಬೇರೆ ಮಾಡಿದ್ರೆ ಅಲ್ಪವಿರಾಮ ಬೇಕು. ಎಷ್ಟು ಸಲ ಹೇಳಾಕಾಗುತ್ತೆ ರೀ ನಿಮಗೆ?”

“ನೀವು ಹೇಳ್ತಾ ಇರ್ರಿ, ನಾನು ಮರೀತಾ ಇರ್ತೀನಿ.”

ಅವನ ಕಣ್ಣು ನಗುತ್ತಿತ್ತು, ತುಟಿ ಮಾತ್ರ ಬಲು ಸಾಚಾ. ರಕ್ಷಾ ಬೋರ್ಡಿನ ಕಡೆ ತಿರುಗಿ ನಗು ನುಂಗಿದಳು. ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು, ಬೇಕೆಂದೇ ತಪ್ಪು ಮಾಡುತ್ತಿದ್ದ. ಆ ಒಂದು ತಪ್ಪಿಗಾಗಿ ಅವಳು ಸಂಜೆಯಾಗುವುದನ್ನೇ ಕಾಯುತ್ತಿದ್ದಳು.

ಒಂದು ದಿನ ಅವನು ಎಲ್ಲರಿಗಿಂತ ಮೊದಲೇ ಬಂದ. ಮುಖದಲ್ಲಿ ತಮಾಷೆ ಇರಲಿಲ್ಲ.

“ಜಗಳೂರಿನಾಗೆ ಒಂದು ಹೆಣ್ಣು ನೋಡಿದಾರೆ ರೀ. ಮನೆಯಾಗೆ ಹೂಂ ಅನ್ನು ಅಂತ ಕುಂತಾರೆ. ಅದಕ್ಕೆ ಮುಂಚೆ ನಿಮ್ಮನ್ನ ಕೇಳಬೇಕು. ಬಾಯಿಬಿಟ್ಟು ಕೇಳಾಕೆ ಧೈರ್ಯ ಇಲ್ಲ.”

ಚಾಕ್‌ಪೀಸ್ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದ: ‘ರಕ್ಷಾ ಸ್ಮೈಲ್ಸ್ ಅಂಡ್ ಕೆಂಚೇಶ್ ಲಿವ್ಸ್.’ ರಕ್ಷಾ ನಗುತ್ತಾಳೆ, ಕೆಂಚೇಶ್ ಬದುಕುತ್ತಾನೆ.

“ಅಲ್ಪವಿರಾಮ ಬೇಕಂತ್ಲೇ ಬಿಟ್ಟೀನಿ. ನಮ್ಮಿಬ್ಬರ ನಡುವೆ ಅದು ಬೇಕೇನ್ರೀ? ಬೇಡ ಅನ್ನಂಗಿದ್ರೆ ಹಂಗೇ ಬಿಡ್ರಿ.”

ಅಲ್ಪವಿರಾಮ ಬೇಡ, ಬೇಡವೇ ಬೇಡ ಎಂದು ಅವಳ ಮನಸ್ಸು ಕೂಗಿಕೊಂಡಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅದೇ ಕ್ಲಾಸಿನ ಸುನೀತಾ ಮತ್ತವಳ ಗೆಳತಿಯರ ಮಾತು ಕೇಳಿಸಿತು. ಊರಿಗೆಲ್ಲ ಸುದ್ದಿಯಾದರೆ ಎಂಬ ದಿಗಿಲು. ಇದೂ ಒಂದು ಪಾಠ ಎನಿಸಲಿ ಎಂದು ರಕ್ಷಾ ಅವನ ಕೈಯಿಂದ ಚಾಕ್‌ಪೀಸ್ ಕಿತ್ತುಕೊಂಡು, ‘ಅಂಡ್’ಗಿಂತ ಮುಂಚೆ ಅಲ್ಪವಿರಾಮ ಹಾಕಿಯೇಬಿಟ್ಟಳು.

ಕೆಂಚೇಶನ ಮುಖ ಬಾಡಿಹೋಯಿತು.

“ಗೊತ್ತಾತು ಬಿಡ್ರಿ ಮಿಸ್.”

ಕ್ಲಾಸು ಮುಗಿಯುವ ಮೊದಲೇ ಎದ್ದು ಹೋದ. ಆಮೇಲೆ ಅವಳು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಮರುವಾರ ಪೇಡಾ ಡಬ್ಬಿ ಹಿಡಿದು ಬಂದ.

“ಹೂಂ ಅಂದೆ ರೀ. ಎಂಗೇಜ್‌ಮೆಂಟ್ ಆತು. ಕೆಲಸಾನೂ ಜಗಳೂರಿಗೇ ಹಾಕಿಸ್ಕೊಂಡೆ.”

“ಕೆಂಚೇಶ್, ಅವತ್ತು ನಾನು ಹಾಕಿದ್ದು...”

ಅವನ ಬೆರಳಿನ ಹೊಸ ಉಂಗುರ ಕಣ್ಣಿಗೆ ಬಿತ್ತು. ಹೇಳಿದರೆ ಆ ಜಗಳೂರಿನ ಹುಡುಗಿಯ ಬಾಳೂ ಕದಡುತ್ತದೆ. ಹೇಳದಿದ್ದರೆ ಅಳುವವಳು ತಾನೊಬ್ಬಳೇ.

ಅವನು ಬೋರ್ಡಿನ ಬಳಿ ಹೋಗಿ ನಿಧಾನವಾಗಿ ಬರೆದ: ‘ರಕ್ಷಾ ಸ್ಟೇಸ್, ಅಂಡ್ ಕೆಂಚೇಶ್ ಗೋಸ್.’ ರಕ್ಷಾ ಉಳಿಯುತ್ತಾಳೆ, ಕೆಂಚೇಶ್ ಹೋಗುತ್ತಾನೆ. ಅಲ್ಪವಿರಾಮ ಎಲ್ಲಿರಬೇಕೋ ಅಲ್ಲೇ ಇತ್ತು.

“ಈಗ ಸರಿ ಐತೇನ್ರೀ?”

ಅವಳು ಅವನ ಕಣ್ಣು ನೋಡಲಿಲ್ಲ.

“ಸರಿ ಐತೆ.”

ಅವನು ಮೆಟ್ಟಿಲಿಳಿದು ಹೋದ. ಅಳಲು ಪುರುಸೊತ್ತಿರಲಿಲ್ಲ, ಕ್ಲಾಸು ತುಂಬತೊಡಗಿತ್ತು. ಪೇಡಾ ಬಾಯಿಗೆ ಹಾಕಿಕೊಂಡ ಸುನೀತಾ ಬೋರ್ಡು ನೋಡಿ ಕೇಳಿದಳು:

“ಮಿಸ್, ಇಲ್ಲಿ ಅಲ್ಪವಿರಾಮ ಯಾಕೆ?”

ರಕ್ಷಾ ಚಾಕ್‌ಪೀಸ್ ಕೈಗೆತ್ತಿಕೊಂಡಳು.

“ಇಬ್ಬರೂ ಬೇರೆ ಬೇರೆ ಅಲ್ವೇನಮ್ಮ,” ಎಂದಳು. “ಅದಕ್ಕೆ.”